ಓದಿ ಬರೆಯುತ್ತೀರೋ, ತಿರುಗಿ ಬರೆಯುತ್ತೀರೋ?

ಶಾಲೆಗೆ ಹೋದರೆ ಮಕ್ಕಳು ಕೇಳುತ್ತಾರೆ, ಮದುವೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವರು ಕೇಳುತ್ತಾರೆ. ಪುಸ್ತಕ ಓದಿದವರು ಕೇಳುತ್ತಾರೆ, ಓದದವರು ಇನ್ನೂ ಹೆಚ್ಚು ಕೇಳುತ್ತಾರೆ: ‘ಅಕ್ಕಾ, ಐನೂರು ಆರುನೂರು ವರ್ಷದ ಹಿಂದಿನ ಸಂಗತಿಗಳನ್ನೆಲ್ಲ ಓದಿ ಬರೆಯುತ್ತೀರೋ, ಊರೂರು ತಿರುಗಿ ಬರೆಯುತ್ತೀರೋ?’ ‘ಎರಡೂ’ ಎಂದು ಹೇಳಿ ಇಷ್ಟು ದಿನ ತಪ್ಪಿಸಿಕೊಂಡೆ. ಅದು ಸುಳ್ಳಲ್ಲ, ಆದರೆ ಉತ್ತರವೂ ಅಲ್ಲ. ಈ ಸಲ ಕುಳಿತು ಸರಿಯಾಗಿ ಹೇಳುತ್ತೇನೆ.

ಬರೆಯುವುದಕ್ಕೆ ಮೊದಲು ಓದುತ್ತೇನೆ. ಬರೆದ ಮೇಲೆ ತಿರುಗುತ್ತೇನೆ. ತಿರುಗಿ ಬಂದು, ಬರೆದದ್ದರಲ್ಲಿ ಅರ್ಧದಷ್ಟನ್ನು ಹೊಡೆದು ಹಾಕಿ, ಮತ್ತೆ ಓದಲು ಕೂರುತ್ತೇನೆ. ಬೇರೆ ಲೇಖಕರು ಮೊದಲು ಸ್ಥಳ ನೋಡಿ, ಸ್ಫೂರ್ತಿ ತುಂಬಿಕೊಂಡು ಬಂದು ಬರೆಯುತ್ತಾರೆ ಎಂದು ಕೇಳಿದ್ದೇನೆ. ಹಾಳು ಗೋಡೆಯ ಎದುರು ನಿಂತರೆ ನನಗೆ ಸ್ಫೂರ್ತಿ ಬರುವುದಿಲ್ಲ. ಹಸಿವಾಗುತ್ತದೆ, ಕಾಲು ನೋಯುತ್ತದೆ, ಬರೆದದ್ದು ತಪ್ಪೆಂದು ಗೊತ್ತಾಗುತ್ತದೆ.

ಅಷ್ಟೂರಿನ ದಾರಿಯ ಕತೆಯನ್ನೇ ತೆಗೆದುಕೊಳ್ಳಿ. ಬಹಮನಿಗಳ ರಾಜಧಾನಿಯನ್ನು ನಮ್ಮ ಕಲಬುರಗಿಯಿಂದ ಬೀದರಿಗೆ ಒಯ್ದ ಸುಲ್ತಾನ ಅಹ್ಮದ್ ಶಾ ವಲಿ 1436ರಲ್ಲಿ ತೀರಿಕೊಂಡ. ಅವನ ಗೋರಿ ಬೀದರಿನ ಪೂರ್ವಕ್ಕೆ ಸುಮಾರು 3 ಕಿ.ಮೀ. ದೂರದ ಅಷ್ಟೂರಿನಲ್ಲಿದೆ. ಅವನನ್ನು ಅಲ್ಲಮಪ್ರಭುವೆಂದೇ ನಂಬಿ ನಡೆದುಕೊಳ್ಳುವ ಜನ ಇಂದಿಗೂ ಇದ್ದಾರೆ. ಅಲ್ಲಿಯ ಜಾತ್ರೆಗೆ ಕಲಬುರಗಿ ಕಡೆಯಿಂದ ಜಂಗಮರು ಬರುತ್ತಾರೆ. ನನ್ನ ಕಾದಂಬರಿಯ ಮೊದಲ ಅಧ್ಯಾಯವೇ ಅವನ ಶವಯಾತ್ರೆ. ಮನೆಯಲ್ಲಿ ನಾಲ್ಕು ಪುಸ್ತಕ ಹರವಿಕೊಂಡು ಕುಳಿತು ಬಹಳ ಗಂಭೀರವಾಗಿ ಬರೆದಿದ್ದೆ: ಜನಾಜಾ ಹೊತ್ತವರು ಏದುಸಿರು ಬಿಡುತ್ತ ಅಷ್ಟೂರಿನ ದಿಬ್ಬ ಏರಿದರು. ದೊಡ್ಡವರ ಗುಮ್ಮಟಗಳು ಎತ್ತರದ ಮೇಲೆಯೇ ಇರುತ್ತವೆ ಎಂದು ನನ್ನ ತಲೆಗೆ ಯಾರು ತುಂಬಿದ್ದರೋ! ಆ ವಾಕ್ಯ ಎಷ್ಟು ಹಿಡಿಸಿತ್ತೆಂದರೆ ಗೆಳತಿಗೆ ಫೋನ್ ಮಾಡಿ ಓದಿ ಹೇಳಿದ್ದೆ.

ಅದಕ್ಕೆ ಮೊದಲು ಅಷ್ಟೂರಿಗೆ ಹೋಗಿರಲಿಲ್ಲವೆಂದಲ್ಲ. ಎರಡು ಸಲ ಆಟೋದಲ್ಲಿ ಹೋಗಿದ್ದೆ. ಆಟೋದಲ್ಲಿ ಕುಳಿತವರಿಗೆ ದಾರಿಯ ಏರಿಳಿತ ಗೊತ್ತಾಗುವುದಿಲ್ಲ, ಗುಂಡಿಗಳು ಮಾತ್ರ ಗೊತ್ತಾಗುತ್ತವೆ.

ಮೂರನೆಯ ಸಲ, ಚಳಿ ಇನ್ನೂ ಬಿಟ್ಟಿರದ ಒಂದು ಬೆಳಿಗ್ಗೆ, ನಡೆದೇ ಹೊರಟೆ. ಬೀದರ್ ನಿಂತಿರುವುದು ಕೆಂಪು ಮುರಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿ. ಊರು ಬಿಟ್ಟ ಸ್ವಲ್ಪ ಹೊತ್ತಿಗೆ ದಾರಿ ಇಳಿಯತೊಡಗಿತು. ಸೂಫಿ ಸಂತ ಖಲೀಲುಲ್ಲಾನ ಗೋರಿಯಾದ ಚೌಖಂಡಿಯ ಹತ್ತಿರ ನಿಂತು ಮುಂದೆ ನೋಡಿದರೆ ಗುಮ್ಮಟಗಳೆಲ್ಲ ಕೆಳಗೆ, ಹೊಲಗಳ ನಡುವೆ ಸಾಲಾಗಿ ಕುಳಿತಿದ್ದವು. ನನ್ನ ದಿಬ್ಬ ಎಲ್ಲಿಯೂ ಇರಲಿಲ್ಲ. ಸುಲ್ತಾನನನ್ನು ನಾನು ಇಲ್ಲದ ಗುಡ್ಡಕ್ಕೆ ಹತ್ತಿಸಿದ್ದೆ.

ರಸ್ತೆಯ ಬದಿಯಲ್ಲಿ ಕುರಿ ಬಿಟ್ಟುಕೊಂಡು ಕುಳಿತಿದ್ದ ಅಜ್ಜ ನನ್ನ ಕೈಯಲ್ಲಿದ್ದ ಪುಸ್ತಕ, ಪೆನ್ನು ನೋಡಿ ಕೇಳಿದ: ‘ಜಮೀನು ಅಳೆಯಲು ಬಂದಿರೇನು ತಾಯಿ?’

‘ಇಲ್ಲ ಅಜ್ಜಾ, ಕತೆ ಬರೆಯುತ್ತೇನೆ.’

ಅವನಿಗೆ ಸಮಾಧಾನವೂ ಆಯಿತು, ಸ್ವಲ್ಪ ನಿರಾಸೆಯೂ ಆದಂತೆ ಕಂಡಿತು. ಹೇಗೂ ನಿಂತಿದ್ದೇನಲ್ಲ ಎಂದು ಕೇಳಿದೆ: ‘ಈ ಇಳಿಜಾರಿನಲ್ಲಿ ಹೆಣ ಹೊತ್ತು ಹೋಗುವುದು ಸುಲಭ ಅಲ್ಲವೇ?’ ಅಜ್ಜ ನನ್ನನ್ನು ಸಣ್ಣ ಮಕ್ಕಳನ್ನು ನೋಡುವ ಹಾಗೆ ನೋಡಿದ. ‘ಏರಿನಲ್ಲಿ ದಮ್ಮು ಹತ್ತುತ್ತದೆ, ಇಳಿಜಾರಿನಲ್ಲಿ ಹೆಗಲು ಮುರಿಯುತ್ತದೆ. ಭಾರವೆಲ್ಲ ಮುಂದಿನವರ ಮೇಲೆ ಬಂದು ಬೀಳುತ್ತದೆ. ಎತ್ತರದವರನ್ನು ಮುಂದೆ ಹಾಕಬೇಕು, ಗಿಡ್ಡ ಇರುವವರು ಹಿಂದೆ ಇರಬೇಕು. ಇಲ್ಲದಿದ್ದರೆ ಹೆಣ ಜಾರುತ್ತದೆ.’

ಅಲ್ಲಿಯೇ ಕಲ್ಲಿನ ಮೇಲೆ ಕುಳಿತು ಅಷ್ಟನ್ನೂ ಬರೆದುಕೊಂಡೆ. ಬಹಮನಿ ದರ್ಬಾರಿನಲ್ಲಿ ದಖನಿ ಸರದಾರರಿಗೂ ಪರ್ಷಿಯಾ ಕಡೆಯಿಂದ ಬಂದ ಆಫಾಕಿಗಳಿಗೂ ಒಳಗೊಳಗೇ ಹಗೆ ಇತ್ತೆಂಬುದನ್ನು ಹತ್ತು ಕಡೆ ಓದಿದ್ದೆ. ಅದನ್ನು ಕತೆಯಲ್ಲಿ ಹೇಗೆ ತೋರಿಸುವುದೆಂದು ತಿಳಿಯದೆ ಇಬ್ಬರು ಸರದಾರರ ಬಾಯಲ್ಲಿ ಉದ್ದುದ್ದ ಭಾಷಣ ಹಾಕಿದ್ದೆ. ಈಗ ಭಾಷಣ ಬೇಕಾಗಲಿಲ್ಲ. ಪದವಿಯಲ್ಲಿ ದೊಡ್ಡವನಾದ ಸರದಾರನೊಬ್ಬ ಮುಂದಿನ ಹೆಗಲು ತನಗೇ ಬೇಕೆನ್ನುತ್ತಾನೆ. ಆದರೆ ಆಳು ಗಿಡ್ಡ. ಹಿಂದೆ ನಿಲ್ಲು ಎಂದು ಹೇಳಬೇಕಾದವನು ಎದುರು ಬಣದವನು. ಅಧ್ಯಾಯ ಈಗ ಅಲ್ಲಿಂದಲೇ ಶುರುವಾಗುತ್ತದೆ. ಹಗೆಯ ಸಂಗತಿಯನ್ನು ಕೊಟ್ಟದ್ದು ಪುಸ್ತಕ, ಅದಕ್ಕೆ ಹೆಗಲು ಕೊಟ್ಟವನು ಕುರಿ ಕಾಯುವ ಅಜ್ಜ. ಓದಿರದಿದ್ದರೆ ಅವನ ಮಾತು ನನಗೆ ಬರಿಯ ಹೆಣ ಹೊರುವ ಮಾತಾಗಿರುತ್ತಿತ್ತು.

ಬಾಲ್ಯದ ಓದಿನ ಬಗ್ಗೆಯೂ ಕೇಳುತ್ತಾರೆ. ಹೇಳಲು ಹೆಚ್ಚೇನಿಲ್ಲ. ಬೇಸಿಗೆ ರಜೆ, 43 ಡಿಗ್ರಿ ಬಿಸಿಲು, ಶಹಾಬಾದ್ ಪರಸಿ ಹಾಸಿದ ತಣ್ಣನೆಯ ನೆಲ. ಬೋರಲು ಮಲಗಿ ಕೈಗೆ ಸಿಕ್ಕಿದ್ದನ್ನು ಓದುತ್ತಿದ್ದೆ. ಹೊರಗೆ ಹೋಗಲು ಬಿಟ್ಟಿದ್ದರೆ ಓದುಗಿಯಾಗುತ್ತಿರಲಿಲ್ಲವೇನೋ.

ಈಗಿನ ಓದಿಗೆ ಒಂದು ದಪ್ಪ ನೋಟುಬುಕ್ಕು ಇಟ್ಟಿದ್ದೇನೆ. ಊಟ, ಉಡುಪು, ದೂರ, ಬೆಲೆ, ವಾಸನೆ ಎಂದು ಐದು ಭಾಗ. ಅರಸರ ಹೆಸರು, ಯುದ್ಧದ ವರ್ಷ ಅದರಲ್ಲಿ ಬರೆಯುವುದಿಲ್ಲ. ಅವು ಬೇಕಾದಾಗ ಸಿಗುತ್ತವೆ. ಗುಲಾಂ ಯಜ್ದಾನಿಯವರು ಬೀದರಿನ ಸ್ಮಾರಕಗಳ ಬಗ್ಗೆ ಬರೆದು 1947ರಲ್ಲಿ ಪ್ರಕಟವಾದ ದೊಡ್ಡ ಗ್ರಂಥದಿಂದ ‘ದೂರ’ದ ಪುಟಗಳು ತುಂಬಿವೆ. ‘ಬೆಲೆ’ಯ ಪುಟದಲ್ಲಿ ನನ್ನ ಅಚ್ಚುಮೆಚ್ಚಿನವನು ಅಫನಾಸಿ ನಿಕಿಟಿನ್. ರಷ್ಯಾದ ತ್ವೇರ್ ಊರಿನ ಈ ವ್ಯಾಪಾರಿ 1470ರ ಆಸುಪಾಸಿನಲ್ಲಿ ಬೀದರಿಗೆ ಬಂದಿದ್ದ. ಲಾಭಕ್ಕೆ ಮಾರಬಹುದೆಂದು ಒಂದೇ ಒಂದು ಕುದುರೆಯನ್ನು ಸಮುದ್ರ ದಾಟಿಸಿ ತಂದಿದ್ದ ಪುಣ್ಯಾತ್ಮ. ಜುನ್ನಾರಿನಲ್ಲಿ ಅಲ್ಲಿಯ ಖಾನ ಅದನ್ನು ಕಿತ್ತುಕೊಂಡ, ಹೇಗೋ ಮರಳಿ ಸಿಕ್ಕಿತು. ಬೀದರಿಗೆ ತಂದು ಮಾರುವ ಹೊತ್ತಿಗೆ ವರ್ಷವಿಡೀ ಮೇವು ಹಾಕಿದ ಖರ್ಚನ್ನು ಲೆಕ್ಕ ಹಾಕಿ ಬರೆದಿಟ್ಟಿದ್ದಾನೆ. ಬೀದರಿನ ಬೀದಿಗಳಲ್ಲಿ ಮಾರುದ್ದದ ಹಾವುಗಳು ಹರಿದಾಡುತ್ತವೆ ಎಂದೂ ಬರೆದಿದ್ದಾನೆ. ಸುಲ್ತಾನನ ವೈಭವವನ್ನು ಬೇಕಾದಷ್ಟು ಜನ ವರ್ಣಿಸಿದ್ದಾರೆ. ಕುದುರೆಯ ಮೇವಿನ ಖರ್ಚು ಬರೆದವನು ಅಪರೂಪ.

ಚರಿತ್ರೆಕಾರ ಫರಿಷ್ತಾನನ್ನು ಓದುವಾಗ ಮಾತ್ರ ಪೆನ್ಸಿಲ್ಲನ್ನು ಗಟ್ಟಿಯಾಗಿ ಹಿಡಿದಿರುತ್ತೇನೆ. ವಜೀರ ಮಹಮೂದ್ ಗಾವಾನನ ಮುದ್ರೆ ಕಾಯುವವನಿಗೆ ಕುಡಿಸಿ, ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡು, ಅದರಲ್ಲಿ ರಾಜದ್ರೋಹದ ಪತ್ರ ಬರೆದು 1481ರಲ್ಲಿ ಅವನ ತಲೆ ಹೋಗುವಂತೆ ಮಾಡಿದರು ಎಂಬ ಕತೆಯನ್ನು ಅವನಷ್ಟು ಚೆನ್ನಾಗಿ ಹೇಳಿದವರಿಲ್ಲ. ಆದರೆ ಅವನು ವಿಜಯಪುರದಲ್ಲಿ ಕುಳಿತು ಬರೆದದ್ದು ಆ ಘಟನೆಯಾಗಿ ನೂರು ವರ್ಷ ಕಳೆದ ಮೇಲೆ. ಸಂಭಾಷಣೆ ಇಷ್ಟು ಸೊಗಸಾಗಿ ಬರುತ್ತಿದೆಯೆಂದರೆ ಇವನೂ ನನ್ನ ಜಾತಿಯವನೇ ಎಂದು ಅನುಮಾನ ಬರುತ್ತದೆ.

ಗಾವಾನನ ಗೋರಿ ಬೀದರಿನ ಹತ್ತಿರದ ಗೋರನಳ್ಳಿಯಲ್ಲಿದೆ. 1472ರಲ್ಲಿ ಅಷ್ಟು ಭವ್ಯವಾದ ಮದರಸಾ ಕಟ್ಟಿಸಿದವನಿಗೆ ಗುಮ್ಮಟವಿಲ್ಲ, ಸಾದಾ ಗೋರಿ. ಅಲ್ಲಿ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದೆ. ಎರಡು ಜೋಳದ ರೊಟ್ಟಿ, ಮೊಸರು, ಶೇಂಗಾ ಹಿಂಡಿ. ಎರಡನೆಯ ತುತ್ತು ಬಾಯಿಗಿಡುವಾಗ ಕೈ ನಿಂತಿತು. ಹಿಂಡಿಯಲ್ಲಿರುವುದು ಶೇಂಗಾ, ಕೆಂಪು ಖಾರ. ಎರಡೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಬಂದವು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿಳಿದದ್ದೇ 1498ರಲ್ಲಿ. ಆ ಹೊತ್ತಿಗೆ ಗಾವಾನ್ ಸತ್ತು 17 ವರ್ಷವಾಗಿತ್ತು. ಆದರೆ ನನ್ನ ಆರನೆಯ ಅಧ್ಯಾಯದಲ್ಲಿ ಅವನ ಅಡುಗೆಯವನು ಬೇಳೆಗೆ ಕೆಂಪು ಮೆಣಸಿನಕಾಯಿ ಮುರಿದು ಒಗ್ಗರಣೆ ಕೊಡುತ್ತಿದ್ದ, ವಜೀರ ಸೀನುತ್ತಿದ್ದ! ಸೀನು ಚೆನ್ನಾಗಿತ್ತು, ಬಿಡಲು ಮನಸ್ಸಿರಲಿಲ್ಲ. ಕೊನೆಗೆ ಕರಿಮೆಣಸು ಕುಟ್ಟಿಸಿ ಸೀನನ್ನು ಉಳಿಸಿಕೊಂಡೆ. ಊಟದ ಪುಟದಲ್ಲಿ ಅಂದಿನಿಂದ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ: ಶೇಂಗಾ ಇಲ್ಲ, ಖಾರ ಇಲ್ಲ, ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ. ಎಳ್ಳು, ಅಗಸಿ, ಹುಣಸೆ ಇವೆ. ಮನೆಯಲ್ಲಿ ಇದನ್ನು ಹೇಳಿದಾಗ ಅವ್ವ ಅಂದಳು, ‘ಪಾಪ, ಅಷ್ಟು ದೊಡ್ಡ ವಜೀರ ಏನು ತಿಂದು ಬದುಕಿದನೋ.’

ನೌಬಾದಿನ ಸುರಂಗ ಬಾವಿಯ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಪರ್ಷಿಯಾದ ಕುಶಲಿಗಳ ವಿದ್ಯೆಯಿಂದ ಬಹಮನಿಗಳ ಕಾಲದಲ್ಲಿ ತೋಡಿದ ಕರೇಜ್ ಅದು. ನೆಲದಡಿ ಉದ್ದಕ್ಕೆ ಸುರಂಗ, ಅಲ್ಲಲ್ಲಿ ಮೇಲಿನಿಂದ ಇಳಿಬಿಟ್ಟ ಬಾವಿಗಳು. ಮುರಕಲ್ಲಿನಲ್ಲಿ ಇಂಗಿದ ನೀರು ಕೆಳಗಿನ ಕರಿಕಲ್ಲಿನ ಮೇಲೆ ತಡೆದು ನಿಂತು, ಸಣ್ಣ ಇಳಿಜಾರು ಹಿಡಿದು ತಾನಾಗಿಯೇ ಹರಿಯುತ್ತದೆ. ಇದನ್ನೆಲ್ಲ ನಕ್ಷೆಯಲ್ಲಿ ನೋಡಿದ್ದೆ. ಬಾವಿಯ ಬಾಯಿಯಲ್ಲಿ ಬಗ್ಗಿದಾಗ ಮೊದಲು ಮುಖಕ್ಕೆ ತಾಕಿದ್ದು ತಂಪು. ಏಪ್ರಿಲ್ ಮಧ್ಯಾಹ್ನ ಬೆನ್ನು ಸುಡುತ್ತಿತ್ತು, ಮುಖಕ್ಕೆ ಮಾತ್ರ ಒದ್ದೆ ಮಣ್ಣಿನ ವಾಸನೆಯ ಗಾಳಿ. ಸುರಂಗ ತೋಡುವವನ ಪಾತ್ರ ಅಲ್ಲಿಯವರೆಗೆ ಕತ್ತಲೆಗೆ ಹೆದರುತ್ತಿತ್ತು. ಅದನ್ನು ತಿರುಗಿಸಿದೆ. ಈಗ ಅವನು ಸಂಜೆ ಮೇಲೆ ಬರಲು ಒಲ್ಲೆ ಎನ್ನುತ್ತಾನೆ.

ಇತ್ತೀಚೆಗೆ ನನ್ನ ಓದು ಬಹಮನಿಗಳಿಂದ ಹಿಂದಕ್ಕೆ ಸರಿದು ಶಾಸನಗಳಿಗೆ ಹೋಗಿದೆ. ಶಾಸನ ಓದುವುದು ಬೇಸರದ ಕೆಲಸವೆಂದು ಹೇಳುವವರು ಬಹುಶಃ ಮೊದಲ ಹೊಗಳಿಕೆಯಲ್ಲೇ ಸುಸ್ತಾಗಿರುತ್ತಾರೆ. ಹೊಗಳಿಕೆಯನ್ನು ದಾಟಿ ಕೆಳಗೆ ಬನ್ನಿ. ಇಷ್ಟು ಮತ್ತರು ಭೂಮಿ ಎಂದು ಅಳೆದು, ಮೂಡಣಕ್ಕೆ ಯಾವ ಮರ, ತೆಂಕಣಕ್ಕೆ ಯಾವ ಹಳ್ಳ, ಎಲ್ಲಿ ನೆಟ್ಟ ಕಲ್ಲು ಎಂದು ಎಲ್ಲೆ ಹೇಳುತ್ತಾ ಹೋಗುತ್ತಾರೆ. ಅದನ್ನು ಬರೆಸಬೇಕಾದರೆ ಯಾರೋ ಒಬ್ಬರು ಆ ಹೊಲದ ಸುತ್ತ ನಡೆದಿರಲೇಬೇಕು. ಓದುವುದೋ ತಿರುಗುವುದೋ ಎಂಬ ಪ್ರಶ್ನೆಯನ್ನು ಆ ಮನುಷ್ಯನಿಗೆ ಕೇಳಿದ್ದರೆ ಅರ್ಥವೇ ಆಗುತ್ತಿರಲಿಲ್ಲ.

ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಘಟಿಕಾಸ್ಥಾನ, ಅಂದರೆ ದೊಡ್ಡ ವಿದ್ಯಾಕೇಂದ್ರವಿತ್ತು. ಅಲ್ಲಿಯ 1058ರ ಶಾಸನ ವೇದ ಓದುವ 200 ವಿದ್ಯಾರ್ಥಿಗಳ ಲೆಕ್ಕ ಕೊಡುತ್ತದೆ, ಗುರುಗಳ ಲೆಕ್ಕ ಕೊಡುತ್ತದೆ. ಅವರ ಜೊತೆಗೆ ಆರು ಮಂದಿ ಸರಸ್ವತಿ ಭಂಡಾರಿಗರು. ಅಂದರೆ ಪುಸ್ತಕ ಕಾಯುವವರು. ಹೆಚ್ಚಿನವರು ಈ ಶಾಸನವನ್ನು ನಮ್ಮ ನಾಡಿನ ವಿದ್ಯೆಯ ಹಿರಿಮೆಗೆ ಸಾಕ್ಷಿಯಾಗಿ ತೋರಿಸುತ್ತಾರೆ. ತೋರಿಸಲಿ. ನಾನು ಮಾತ್ರ ಆರು ಎಂಬ ಅಂಕಿಯಲ್ಲಿ ಸಿಕ್ಕಿಕೊಂಡಿದ್ದೇನೆ. ಇಬ್ಬರು ಸಾಲದಷ್ಟು ಓಲೆಗಳಿದ್ದವೇ? ಆರು ಮಂದಿಯಲ್ಲಿ ಒಬ್ಬನಾದರೂ ಸೋಮಾರಿ ಇದ್ದಿರಬೇಕು. ಒಬ್ಬನಿಗೆ ಕಣ್ಣು ಮಂಜಾಗುತ್ತಾ ಬಂದಿರಬೇಕು, ಅದನ್ನು ಯಾರಿಗೂ ಹೇಳದೆ ಕಟ್ಟುಗಳನ್ನು ಬೆರಳಿನಿಂದ ಮುಟ್ಟಿಯೇ ಗುರುತು ಹಿಡಿಯುತ್ತಿರಬೇಕು. ಮುಂದಿನ ಕಾದಂಬರಿ ಅವನದು.

ನಾಲ್ಕು ಅಧ್ಯಾಯ ಆಗಿವೆ. ಅಭ್ಯಾಸದಂತೆ ಮನೆಯಲ್ಲಿ ಕುಳಿತೇ ಬರೆದಿದ್ದೇನೆ, ಎಲ್ಲೋ ತಪ್ಪಿರುವುದು ಖಂಡಿತ. ಓಲೆಗೆ ಶತ್ರು ಹುಳ ಮತ್ತು ತೇವ. ಹುಳಕ್ಕೆ ಬೇವು, ಅರಿಸಿನ, ಎಣ್ಣೆ ಇವೆ. ತೇವಕ್ಕೆ ಜಾಗ ನೋಡಿ ಇಡುವುದೊಂದೇ ದಾರಿ. ಮಿರ್ಗ ಮಳೆ ಹಿಡಿದ ಮೇಲೆ ನಾಗಾವಿಗೆ ಹೋಗಿ, ಅರವತ್ತು ಕಂಬದ ಗುಡಿಯಲ್ಲಿ ಮಳೆ ಬರುವಾಗ ನಿಂತು ನೋಡಬೇಕು. ಸಾವಿರ ವರ್ಷದ ಹಳೆಯ ಕಟ್ಟಡ ಈಗ ಸೋರುವುದನ್ನು ನೋಡಿ ಆಗಲೂ ಹೀಗೇ ಸೋರುತ್ತಿತ್ತು ಎನ್ನಲಾಗದು, ಗೊತ್ತು. ಆದರೆ ಮಳೆಯ ಇರಚಲು ಬಡಿಯುವ ದಿಕ್ಕು ಬದಲಾಗಿರಲಾರದು. ಯಾವ ಕಂಬದ ಬುಡ ಕೊನೆಯವರೆಗೂ ಒಣಗಿರುತ್ತದೆಯೋ, ನನ್ನ ಭಂಡಾರಿಗನ ಗೂಡು ಅದರ ಹಿಂದೆ.