‘ಮಾಡುತ್ತಿರುತ್ತೇನೆ’, ‘ಮಾಡಿರುತ್ತೇನೆ’: ಇಂಗ್ಲಿಷ್ ಅಭ್ಯಾಸದ 24 ದಿನ

ಫ್ಯೂಚರ್ ಕಂಟಿನ್ಯುಯಸ್ (‘ಮಾಡುತ್ತಿರುತ್ತೇನೆ’), ಫ್ಯೂಚರ್ ಪರ್ಫೆಕ್ಟ್ (‘ಮಾಡಿರುತ್ತೇನೆ’). ಓದಿದರೆ ಎರಡೂ ಅರ್ಥವಾಗುತ್ತಿದ್ದವು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಎಲ್ಲದಕ್ಕೂ ಬರೀ ‘ವಿಲ್’ ಹಾಕಿಬಿಡುತ್ತಿದ್ದೆ. ಅದಕ್ಕೆ ದಿನಾ ರಾತ್ರಿ ನಾಳೆಯ ಬಗ್ಗೆ ನಾಲ್ಕು ವಾಕ್ಯ ಬರೆಯುವುದು, ಬೆಳಿಗ್ಗೆ ಅದನ್ನೇ ಜೋರಾಗಿ ಹೇಳುವುದು ಅಂತ ಶುರು ಮಾಡಿದೆ.

ದಿನ 1ರಿಂದ 4

ರೂಪ ಕಲಿಯುವುದು ಕಷ್ಟವಾಗಲಿಲ್ಲ. ‘ವಿಲ್ ಬಿ’ ಆದ ಮೇಲೆ ಐಎನ್‌ಜಿ, ‘ವಿಲ್ ಹ್ಯಾವ್’ ಆದ ಮೇಲೆ ವಿ3, ಅಂದರೆ ಕ್ರಿಯಾಪದದ ಮೂರನೇ ರೂಪ (ರೈಟ್, ರೋಟ್, ರಿಟನ್ ಇವುಗಳಲ್ಲಿ ‘ರಿಟನ್’). ‘ಶೀ’ ಇದ್ದರೂ ‘ಹ್ಯಾವ್’ ಬದಲಾಗುವುದಿಲ್ಲ, ‘ವಿಲ್ ಹ್ಯಾಸ್’ ಅನ್ನುವುದು ಇಲ್ಲವೇ ಇಲ್ಲ.

ದಿನ 5

ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆದು ಮಧ್ಯದಲ್ಲಿ ‘5 ಗಂಟೆ’ ಅಂತ ಗುರುತು ಹಾಕಿದೆ. ಕೆಲಸ ಆ ಗುರುತನ್ನು ದಾಟಿಕೊಂಡು ಹೋಗುತ್ತಿದ್ದರೆ ‘ಐ ವಿಲ್ ಬಿ ರೈಟಿಂಗ್ ಅಟ್ ಫೈವ್’. ಗುರುತಿಗೆ ಮೊದಲೇ ಮುಗಿದಿದ್ದರೆ ‘ಐ ವಿಲ್ ಹ್ಯಾವ್ ರಿಟನ್ ಇಟ್ ಬೈ ಫೈವ್’. ಕನ್ನಡದಲ್ಲಿ ಇವೆರಡನ್ನೂ ಸಲೀಸಾಗಿ ಹೇಳುತ್ತೇವೆ ಅಲ್ವಾ? 5 ಗಂಟೆಗೆ ಬರೆಯುತ್ತಿರುತ್ತೇನೆ, 5ರ ಹೊತ್ತಿಗೆ ಬರೆದಿರುತ್ತೇನೆ. ಇಷ್ಟು ದಿನ ಹೊಸದು ಅಂದುಕೊಂಡಿದ್ದು ನನ್ನ ನಾಲಿಗೆಯ ಮೇಲೇ ಇತ್ತು! ಅವತ್ತು ತುಂಬಾ ಖುಷಿಯಾಯಿತು.

ದಿನ 9

ಇದೇ ಹೋಲಿಕೆಯನ್ನು ನಂಬಿ ಒಂದು ತಪ್ಪು ಮಾಡಿದೆ. ‘ನಾಳೆ ಈ ಹೊತ್ತಲ್ಲಿ ರೈಲಿನಲ್ಲಿ ಕೂತಿರುತ್ತೇನೆ’ ಅನ್ನುವುದಕ್ಕೆ ‘ಐ ವಿಲ್ ಹ್ಯಾವ್ ಸ್ಯಾಟ್’ ಅಂತ ಬರೆದಿದ್ದೆ. ಜೊತೆಗೆ ಅಭ್ಯಾಸ ಮಾಡುವ ಗೆಳತಿ ಓದಿ, “ಕೂತು ಎದ್ದುಬಿಟ್ಟಿರ್ತೀಯಾ, ಇಲ್ಲ ಇನ್ನೂ ಕೂತೇ ಇರ್ತೀಯಾ?” ಅಂತ ಕೇಳಿದಳು. ಅಲ್ಲಿ ಹೊಳೆಯಿತು. ಕೂತಿರು, ನಿಂತಿರು, ಮಲಗಿರು: ಇವು ನೋಡುವುದಕ್ಕೆ ‘ಮಾಡಿರು’ ಥರ ಇವೆ, ಆದರೆ ಹೇಳುವುದು ಆಗ ಇರುವ ಸ್ಥಿತಿಯನ್ನು. ಇಂಗ್ಲಿಷಿನಲ್ಲಿ ಅವು ‘ವಿಲ್ ಬಿ ಸಿಟಿಂಗ್’, ‘ವಿಲ್ ಬಿ ಸ್ಟ್ಯಾಂಡಿಂಗ್’, ‘ವಿಲ್ ಬಿ ಸ್ಲೀಪಿಂಗ್’. ‘ಗೊತ್ತಿರುತ್ತೆ’ ಅನ್ನುವುದಕ್ಕಂತೂ ಇವೆರಡೂ ಬೇಡ, ಸುಮ್ನೆ ‘ವಿಲ್ ನೋ’. ‘ನೋ’ಗೆ ಇಲ್ಲಿ ಐಎನ್‌ಜಿ ಹತ್ತುವುದಿಲ್ಲ.

ಈ ಮೂರು ಕ್ರಿಯಾಪದಗಳಿಗೇ ಇಡೀ ಒಂದು ಪುಟ ಬಿಟ್ಟಿದ್ದೇನೆ. ಕನ್ನಡದವರಿಗೆ ಎಡವಲು ಇದಕ್ಕಿಂತ ಸಹಜವಾದ ಜಾಗ ಇನ್ನೊಂದಿಲ್ಲ ಅನ್ನಿಸುತ್ತದೆ.

ದಿನ 13

‘ಬೈ ದ ಟೈಮ್ ಯು ವಿಲ್ ಕಾಲ್’ ಅಂತ ಬರೆದು ಹೊಡೆದುಹಾಕಿದೆ. ‘ಬೈ ದ ಟೈಮ್’ ಆದ ಮೇಲೆ ‘ವಿಲ್’ ಬರಬಾರದು, ‘ಬೈ ದ ಟೈಮ್ ಯು ಕಾಲ್, ಐ ವಿಲ್ ಹ್ಯಾವ್ ಫಿನಿಶ್ಡ್’ ಅನ್ನಬೇಕು. ‘ನೀನು ಫೋನ್ ಮಾಡುವ ಹೊತ್ತಿಗೆ ಮುಗಿಸಿರುತ್ತೇನೆ’ ಅನ್ನುವಾಗ ನಾವೂ ‘ಮಾಡುವ’ ಅಂತಷ್ಟೇ ಹೇಳಿ ಮುಂದೆ ಹೋಗುತ್ತೇವೆ. ಹೀಗೆ ಜೋಡಿಸಿಕೊಂಡ ಮೇಲೆ ಮರೆತಿಲ್ಲ.

‘ಬೈ’ ಅಂದರೆ ಹೊತ್ತಿಗೆ, ‘ಅಂಟಿಲ್’ ಅಂದರೆ ತನಕ. 6ರ ತನಕ ಕೆಲಸ ಮಾಡುತ್ತಿರುತ್ತೇನೆ ಅನ್ನುವಾಗ ‘ಅಂಟಿಲ್ ಸಿಕ್ಸ್’.

ದಿನ 18

ಊಹೆಗೂ ಇದೇ ರೂಪ ಸಾಕು ಅಂತ ಗೊತ್ತಾಯಿತು. ‘ಅವಳು ಇಷ್ಟೊತ್ತಿಗೆ ಬಂದಿರುತ್ತಾಳೆ’ ಅಂದರೆ ‘ಶೀ ವಿಲ್ ಹ್ಯಾವ್ ಅರೈವ್ಡ್ ಬೈ ನೌ’. ಭವಿಷ್ಯದ ಮಾತೇ ಅಲ್ಲ, ಆದರೂ ‘ವಿಲ್’. ಎರಡು ಭಾಷೆಗಳೂ ಊಹೆಗೆ ಭವಿಷ್ಯದ ರೂಪವನ್ನೇ ಹಿಡಿದಿವೆ. ಇದು ನನಗೆ ತುಂಬಾ ಇಷ್ಟವಾದ ವಿಷಯ.

ದಿನ 24

ಈಗ ಬರೆಯುವಾಗ ತಪ್ಪು ಕಡಿಮೆ, ಹೇಳುವಾಗ ಇನ್ನೂ ಜಾಸ್ತಿ. ಮಾತಿನಲ್ಲಿ ‘ಐ ವಿಲ್ ಹ್ಯಾವ್’ ಕುಗ್ಗಿ ‘ಐಲವ್’ ಥರ ಕೇಳಿಸುತ್ತದೆ. ಕಿವಿಗೆ ಅದು ಸಿಕ್ಕರೂ ನನ್ನ ಬಾಯಿ ಪ್ರತಿ ಪದದ ಹತ್ತಿರ ನಿಲ್ಲುತ್ತಿದೆ. ಈ ವಾರ ‘ಮುಗಿಸಿರುವುದಿಲ್ಲ’ ಅನ್ನುವ ‘ವೋಂಟ್ ಹ್ಯಾವ್ ಫಿನಿಶ್ಡ್’ ಒಂದನ್ನೇ ರೆಕಾರ್ಡ್ ಮಾಡಿ ಕೇಳುತ್ತಿದ್ದೇನೆ. ಇವತ್ತು ಹನ್ನೆರಡು ಸಲ ಹೇಳಿದೆ, ಕೊನೆಯ ಮೂರು ಸಲ ತಡೆಯಿಲ್ಲದೆ ಬಂತು.