ಗಡಿ ಇರುವುದು ಚೆಕ್‌ಇನ್ ಕೌಂಟರಿನಲ್ಲಿ: ಕಾಸರಗೋಡಿನ ಟ್ರಾವೆಲ್ಸ್ ಮೇಜಿನ ಪಾಠಗಳು

ಕೋವಿಡ್ ಕಾಲದಲ್ಲಿ ಕಾಸರಗೋಡಿನ ಟ್ರಾವೆಲ್ಸ್ ಕಚೇರಿಗಳಿಗೆ ಬಂದ ಫೋನುಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: "ದುಬೈ ಓಪನ್ ಆಯ್ತಾ?" ಈ ಪ್ರಶ್ನೆಗೆ ಹೌದು ಅಂದರೂ ತಪ್ಪು, ಇಲ್ಲ ಅಂದರೂ ತಪ್ಪು. ದೇಶ ಎಲ್ಲರಿಗೂ ಒಟ್ಟಿಗೆ ತೆರೆಯುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಭಾರತದಿಂದ ಬರುವವರಿಗೆ ಬಾಗಿಲು ಹಾಕಿದ ಯುಎಇ, ಆಗಸ್ಟ್ 5ರಿಂದ ಮತ್ತೆ ಬಿಟ್ಟುಕೊಂಡದ್ದು ಮುಖ್ಯವಾಗಿ ರೆಸಿಡೆನ್ಸ್ ವೀಸಾ ಇದ್ದು ಎರಡೂ ಡೋಸ್ ಅಲ್ಲಿಯೇ ಹಾಕಿಸಿಕೊಂಡವರನ್ನು. ಸೌದಿಯೂ ಅದೇ ಆಗಸ್ಟಿನಲ್ಲಿ ತನ್ನಲ್ಲಿ ಎರಡು ಡೋಸ್ ಪಡೆದವರನ್ನು ಮೊದಲು ಕರೆಸಿಕೊಂಡಿತು. ಸೌದಿಗೆ ಹೋಗುವ ಉಳಿದವರಿಗೆ ನೇರ ದಾರಿ ಸಿಕ್ಕಿದ್ದು ಡಿಸೆಂಬರ್ 1ಕ್ಕೆ. ಅದಕ್ಕೂ ಮೊದಲು ಹೋಗಲೇಬೇಕಾದವರು ಮೂರನೆಯ ದೇಶವೊಂದರಲ್ಲಿ 14 ದಿನ ಕೂತು ಹೋಗಬೇಕಿತ್ತು.

ಆದ್ದರಿಂದ ಟಿಕೆಟಿನ ಮಾತಿಗೆ ಮೊದಲು ಪ್ರಯಾಣಿಕನಿಂದ ನಾಲ್ಕು ಸಂಗತಿ ತಿಳಿದುಕೊಳ್ಳಬೇಕಿತ್ತು: ವೀಸಾ ಯಾವ ಬಗೆಯದು, ಲಸಿಕೆ ಯಾವುದು, ಅದನ್ನು ಎಲ್ಲಿ ಹಾಕಿಸಿದ್ದು, ಕಳೆದ 14 ದಿನ ಯಾವ ದೇಶದಲ್ಲಿದ್ದರು. ಪಾಸ್‌ಪೋರ್ಟ್ ಯಾವ ದೇಶದ್ದು ಎನ್ನುವುದಕ್ಕಿಂತ ಕೊನೆಯ ಪ್ರಶ್ನೆಗೇ ಆಗ ತೂಕ ಹೆಚ್ಚು.

ಎರಡನೆಯ ಪಾಠ, ನಿಯಮವನ್ನು ಎಲ್ಲಿ ಓದಬೇಕು ಎಂಬುದು. ವಾಟ್ಸ್‌ಆ್ಯಪ್ ಫಾರ್ವರ್ಡ್ ಬಿಡಿ, ಮಲಯಾಳಂ ಚಾನೆಲಿನ ಬ್ರೇಕಿಂಗ್ ನ್ಯೂಸ್ ಕೂಡ ಕೌಂಟರಿನಲ್ಲಿ ನಡೆಯುವುದಿಲ್ಲ. ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆಯಲ್ಲಾಗಲಿ ಕಣ್ಣೂರಿನಲ್ಲಾಗಲಿ ಚೆಕ್‌ಇನ್ ಸಿಬ್ಬಂದಿ ನೋಡುವುದು ಟೈಮ್ಯಾಟಿಕ್ ಅನ್ನು. ವಿಮಾನ ಕಂಪೆನಿಗಳ ಒಕ್ಕೂಟವಾದ ಐಯಾಟಾ ನಡೆಸುವ ಪ್ರವೇಶ ನಿಯಮಗಳ ಭಂಡಾರ ಅದು. ಪಾಸ್‌ಪೋರ್ಟಿನ ದೇಶ, ಹೊರಡುವ ಊರು, ದಾಟುವ ಊರು, ತಲಪುವ ಊರು ಹಾಕಿದರೆ ಏನೇನು ಬೇಕೆಂದು ಹೇಳುತ್ತದೆ. ಪ್ರವೇಶವಿಲ್ಲದ ಪ್ರಯಾಣಿಕನನ್ನು ಕರೆದೊಯ್ದರೆ ಮರಳಿ ತರುವ ಖರ್ಚು ವಿಮಾನ ಕಂಪೆನಿಯದೇ, ದಂಡ ಬೇರೆ. ಹಾಗಾಗಿ ಕೌಂಟರಿನ ಹುಡುಗಿ ಕಟ್ಟುನಿಟ್ಟು ಮಾಡುತ್ತಾಳೆಂದು ಬಯ್ಯುವುದರಲ್ಲಿ ಅರ್ಥವಿಲ್ಲ. ಪ್ರಯಾಣಿಕನ ಗಡಿ ಅಲ್ಲೇ ಇರುವುದು. ಟೈಮ್ಯಾಟಿಕ್ ಮಾಹಿತಿ ಅನೇಕ ವಿಮಾನ ಕಂಪೆನಿಗಳ ವೆಬ್‌ಸೈಟಿನಲ್ಲಿ ಯಾರಿಗೂ ಸಿಗುತ್ತದೆ. ಮೂರು ಸಲ ನೋಡಬೇಕು: ಟಿಕೆಟ್ ಮಾಡುವಾಗ, ಹೊರಡಲು ಮೂರು ದಿನ ಇರುವಾಗ, ಮತ್ತೆ ಹೊರಡುವ ದಿನ ಬೆಳಿಗ್ಗೆ. ನೋಡಿದ ತಾರೀಕು ಬೀಳುವಂತೆ ಪ್ರಿಂಟ್ ತೆಗೆದಿಡಿ.

ಮೂರು ಸಲ ಯಾಕೆ ಅಂದರೆ, ನಮ್ಮದೇ ಸರಕಾರ 2021ರ ನವೆಂಬರ್ 26ರಂದು, ನಿತ್ಯದ ಅಂತಾರಾಷ್ಟ್ರೀಯ ಹಾರಾಟ ಡಿಸೆಂಬರ್ 15ರಿಂದ ಶುರು ಎಂದು ಪ್ರಕಟಿಸಿತು. ಅದೇ ದಿನ ವಿಶ್ವ ಆರೋಗ್ಯ ಸಂಸ್ಥೆ ಒಮಿಕ್ರಾನ್‌ಗೆ ಹೆಸರಿಟ್ಟಿತು. ಡಿಸೆಂಬರ್ 1ಕ್ಕೆ ಆ ಪ್ರಕಟಣೆ ಮುಂದೂಡಿಕೆಯಾಯಿತು. ಹಾರಾಟ ನಿಜಕ್ಕೂ ಶುರುವಾದದ್ದು 2022ರ ಮಾರ್ಚ್ 27ಕ್ಕೆ. ಎಲ್ಲ ಮುಗಿಯಿತು ಅಂದುಕೊಂಡ ಮೇಲೂ, ಚೀನಾ, ಹಾಂಗ್‌ಕಾಂಗ್, ಜಪಾನ್, ದಕ್ಷಿಣ ಕೊರಿಯಾ, ಸಿಂಗಾಪುರ, ಥಾಯ್ಲೆಂಡ್‌ಗಳಿಂದ ಬರುವವರಿಗೆ ಆರ್‌ಟಿಪಿಸಿಆರ್ ಕಡ್ಡಾಯವೆಂದು 2022ರ ಡಿಸೆಂಬರ್ 29ರಂದು ಹೇಳಿ, ಜನವರಿ 1ರಿಂದಲೇ ಜಾರಿಗೆ ತಂದರು. ನಡುವೆ ಸಿಕ್ಕಿದ್ದು ಎರಡು ದಿನ.

ಇನ್ನು ಗಂಟೆಯ ಲೆಕ್ಕ. ಅತಿ ಹೆಚ್ಚು ಜನ ಎಡವಿದ್ದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಯುಎಇ ಕೇಳುತ್ತಿದ್ದ "48 ಗಂಟೆಯೊಳಗಿನ ಪಿಸಿಆರ್ ರಿಪೋರ್ಟ್" ಅಂದರೆ ಯಾವಾಗಿನಿಂದ ಯಾವಾಗಿನವರೆಗೆ? ಯುಎಇ ಎಣಿಸುತ್ತಿದ್ದುದು ಮೂಗಿನ ಸ್ವಾಬ್ ತೆಗೆದ ಹೊತ್ತಿನಿಂದ, ರಿಪೋರ್ಟ್ ಕೈಗೆ ಬಂದ ಹೊತ್ತಿನಿಂದ ಅಲ್ಲ. ಶನಿವಾರ ರಾತ್ರಿ 11.30ರ ವಿಮಾನ ಅಂತ ಇಟ್ಟುಕೊಳ್ಳಿ. 48 ಗಂಟೆ ಹಿಂದಕ್ಕೆ ಎಣಿಸಿದರೆ ಗುರುವಾರ ರಾತ್ರಿ 11.30. ಗುರುವಾರ ಸಂಜೆ ಲ್ಯಾಬಿಗೆ ಹೋದವನ ರಿಪೋರ್ಟ್ ಕೌಂಟರಿಗೆ ಬರುವಷ್ಟರಲ್ಲಿ ಹಳತು. ಶನಿವಾರ ಬೆಳಿಗ್ಗೆ ಕೊಟ್ಟರೆ ರಿಪೋರ್ಟ್ ಸಂಜೆಯೊಳಗೆ ಬರುತ್ತದೆಂಬ ಖಾತರಿಯಿಲ್ಲ. ಶುಕ್ರವಾರ ಬೆಳಿಗ್ಗೆ 8ಕ್ಕೆ ಕೊಟ್ಟರೆ ಹೊರಡುವಾಗ ಮೂವತ್ತೊಂಬತ್ತೂವರೆ ಗಂಟೆ ಆಗಿರುತ್ತದೆ. ವಿಮಾನ ಎಂಟು ಗಂಟೆ ತಡವಾದರೂ ರಿಪೋರ್ಟ್ ಜೀವಂತ. ಈ ಎಂಟು ಗಂಟೆಯ ಸಡಿಲು ಇಟ್ಟುಕೊಳ್ಳದೆ ಟೆಸ್ಟಿನ ಸ್ಲಾಟ್ ಬುಕ್ ಮಾಡುವಂತಿರಲಿಲ್ಲ. ಮಳೆಗಾಲದಲ್ಲಿ ಬಜ್ಪೆಯ ಗುಡ್ಡದ ಮೇಲೆ ಮಂಜು ಕೂತಾಗ ವಿಮಾನ ಬೇರೆ ಊರಿಗೆ ತಿರುಗುವುದು ಹೊಸತೇನಲ್ಲ.

ಎಲ್ಲ ದೇಶವೂ ಗಂಟೆಯಲ್ಲೇ ಎಣಿಸುವುದಿಲ್ಲ. ಅಮೆರಿಕ 2021ರ ಡಿಸೆಂಬರ್ 6ರಿಂದ ಒಂದು ದಿನದೊಳಗಿನ ಟೆಸ್ಟ್ ಕೇಳಿದಾಗ ಅದು 24 ಗಂಟೆ ಆಗಿರಲಿಲ್ಲ. ಹೊರಡುವ ಹಿಂದಿನ ದಿನ ಬೆಳಿಗ್ಗೆ ಮಾಡಿಸಿದ್ದೂ ನಡೆಯುತ್ತಿತ್ತು. ಕೆನಡಾ 2021ರ ಸೆಪ್ಟೆಂಬರ್ ಕೊನೆಯಲ್ಲಿ ನೇರ ವಿಮಾನ ಬಿಟ್ಟಾಗ, ದೆಹಲಿ ವಿಮಾನ ನಿಲ್ದಾಣದ ಜೀನ್‌ಸ್ಟ್ರಿಂಗ್ಸ್ ಲ್ಯಾಬಿನಲ್ಲೇ, ಹೊರಡುವ 18 ಗಂಟೆಯೊಳಗೇ ಮಾಡಿಸಬೇಕೆಂದಿತು. ಅಂದರೆ ಕುಂಬಳೆಯ ವಿದ್ಯಾರ್ಥಿ ಹಿಂದಿನ ದಿನವೇ ದೆಹಲಿ ಸೇರಬೇಕಿತ್ತು. ಊರಲ್ಲಿ ಮಾಡಿಸಿದ ಟೆಸ್ಟಿಗೆ ಬೆಲೆಯಿರಲಿಲ್ಲ.

ಆಗ ದುಬೈಗೆ ಇದರ ಮೇಲೆ ವಿಮಾನ ನಿಲ್ದಾಣದಲ್ಲಿ ರ‍್ಯಾಪಿಡ್ ಪಿಸಿಆರ್ ಬೇರೆ: ಮೊದಲು ಹೊರಡುವ 4 ಗಂಟೆಯೊಳಗೆ, ಆಮೇಲೆ 6 ಗಂಟೆಯೊಳಗೆ. 11.30ರ ವಿಮಾನಕ್ಕೆ ಸಂಜೆ 5.30ಕ್ಕಿಂತ ಮೊದಲು ಸ್ವಾಬ್ ಕೊಡುವಂತಿರಲಿಲ್ಲ, ಕೌಂಟರ್ ಮುಚ್ಚುವುದು ಸಾಮಾನ್ಯವಾಗಿ 10.30ಕ್ಕೆ. ಕ್ಯೂ, ಹಣ ಕಟ್ಟುವುದು, ಟೆಸ್ಟ್, ರಿಪೋರ್ಟಿಗೆ ಕಾಯುವುದು ಎಲ್ಲ ಈ ಐದು ಗಂಟೆಯೊಳಗೆ ಮುಗಿಯಬೇಕಿತ್ತು. ಮಧ್ಯಾಹ್ನವೇ ಹೋಗಿ ಕೂತರೆ ಪ್ರಯೋಜನವಿರಲಿಲ್ಲ, ಎಂಟಕ್ಕೆ ಹೋದರೆ ಕೆಟ್ಟಿತು. ಈ ರ‍್ಯಾಪಿಡ್ ಪಿಸಿಆರ್ ಮತ್ತು ಹದಿನೈದು ನಿಮಿಷದ ಆ್ಯಂಟಿಜೆನ್ ಟೆಸ್ಟ್ ಒಂದೇ ಅಲ್ಲ. ಆ್ಯಂಟಿಜೆನ್ ರಿಪೋರ್ಟ್ ಹಿಡಿದು ಬಂದವರಿಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು.

ಮತ್ತೊಂದು: ಕೋವಿಡ್ ಬಂದು ವಾಸಿಯಾದವರ ಮೂಗಿನಲ್ಲಿ ವೈರಸ್ಸಿನ ಸತ್ತ ತುಣುಕುಗಳು ವಾರಗಟ್ಟಲೆ ಉಳಿದು ಪಿಸಿಆರ್ ಪಾಸಿಟಿವ್ ತೋರಿಸಬಹುದು. ಕಳೆದ ಎರಡು ಮೂರು ತಿಂಗಳಲ್ಲಿ ಸೋಂಕು ಬಂದಿದ್ದರೆ ಹೊರಡುವ ವಾರಕ್ಕೆ ಮೊದಲೇ ಒಂದು ಟೆಸ್ಟ್ ಮಾಡಿಸಿ ನೋಡುವುದು ಲಾಭವಾಗಿತ್ತು. ನಿಲ್ದಾಣದಲ್ಲಿ ಪಾಸಿಟಿವ್ ಬಂದರೆ ಅಲ್ಲಿ ವಾದಕ್ಕೆ ಜಾಗವಿರಲಿಲ್ಲ.

ರಿಪೋರ್ಟಿನ ಕಾಗದದ ಮೇಲೆ ಸ್ವಾಬ್ ತೆಗೆದ ಸಮಯ, ರಿಪೋರ್ಟಿನ ಸಮಯ, ಪಾಸ್‌ಪೋರ್ಟ್ ನಂಬರ್, ಕ್ಯೂಆರ್ ಕೋಡ್ ನಾಲ್ಕೂ ಇರಬೇಕಿತ್ತು. ಕ್ಯೂಆರ್ ಸ್ಕ್ಯಾನ್ ಮಾಡಿದರೆ ಮೂಲ ರಿಪೋರ್ಟೇ ತೆರೆಯಬೇಕಿತ್ತು. ಲ್ಯಾಬಿನ ವೆಬ್‌ಸೈಟಿನ ಮುಖಪುಟ ಮಾತ್ರ ತೆರೆದರೆ ತಕ್ಷಣ ಬದಲಾಯಿಸಿಕೊಳ್ಳಬೇಕಿತ್ತು. ಲ್ಯಾಬಿನ ಬಾಗಿಲಲ್ಲಿ ನಿಂತೇ ಸ್ಕ್ಯಾನ್ ಮಾಡಿ ನೋಡುವುದು ಒಳ್ಳೆಯದಿತ್ತು.

ಯುಎಇಗೆ ಮುಂಗಡ ಅನುಮತಿ ಬೇಕಿದ್ದಾಗಿನ ಗೊಂದಲ ಇನ್ನೊಂದು ಬಗೆಯದು. ದುಬೈ ವೀಸಾದವರಿಗೆ ಅಲ್ಲಿನ ವಲಸೆ ಇಲಾಖೆಯಾದ ಜಿಡಿಆರ್‌ಎಫ್‌ಎ, ಉಳಿದ ಎಮಿರೇಟ್‌ಗಳವರಿಗೆ ಯುಎಇ ಕೇಂದ್ರ ಸರಕಾರದ ಪ್ರಾಧಿಕಾರವಾದ ಐಸಿಎ. ಶಾರ್ಜಾದಲ್ಲಿ ಕೆಲಸ, ವಾಸ ದುಬೈಯಲ್ಲಿ, ಇಳಿಯುವುದು ಅಬುಧಾಬಿಯಲ್ಲಿ ಅಂದರೆ ಯಾವುದಕ್ಕೆ ಅರ್ಜಿ? ಇಳಿಯುವ ಊರು ನೋಡಬೇಡಿ, ವೀಸಾದ ಫೈಲ್ ನಂಬರ್ ನೋಡಿ. 201ರಿಂದ ಶುರುವಾದರೆ ದುಬೈ, 101 ಅಬುಧಾಬಿ, 301 ಶಾರ್ಜಾ, 401 ಅಜ್ಮಾನ್. ಅರ್ಧ ಸಮಸ್ಯೆ ಅಲ್ಲೇ ತೀರುತ್ತಿತ್ತು. ಊರಲ್ಲಿ ಆರು ತಿಂಗಳು ದಾಟಿದವರ ರೆಸಿಡೆನ್ಸಿ ಸಾಮಾನ್ಯವಾಗಿ ರದ್ದಾಗುತ್ತದೆ. ಕೋವಿಡ್ ಕಾಲದಲ್ಲಿ ರಿಯಾಯಿತಿ ಕೊಟ್ಟರು ನಿಜ, ಆದರೆ ರಿಯಾಯಿತಿಯನ್ನು ನಂಬಿ ಟಿಕೆಟನ್ನು ಮುಂದಕ್ಕೆ ತಳ್ಳಬಾರದು. ಎಣಿಕೆ ಪಾಸ್‌ಪೋರ್ಟಿನ ಎಕ್ಸಿಟ್ ಸೀಲಿನ ತಾರೀಕಿನಿಂದ.

ಹೆಸರಿನ ಗೋಜಲು ಗಡಿನಾಡಿನವರಿಗೆ ಎರಡು ಪಟ್ಟು. ಆಧಾರಿನಲ್ಲಿ ಗೋಪಾಲನ್, ಪಾಸ್‌ಪೋರ್ಟಿನಲ್ಲಿ ಗೋಪಾಲ. ಒಂದರಲ್ಲಿ ಮನೆತನದ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಶಿಯಲ್. ವಿಳಾಸದಲ್ಲಿ ಒಂದು ಕಡೆ ಮಂಜೇಶ್ವರ, ಇನ್ನೊಂದು ಕಡೆ ಮಂಜೇಶ್ವರಂ. ಲಸಿಕೆಗೆ ಆಧಾರ್ ತೋರಿಸಿದವರ ಕೋವಿನ್ (ಕೇಂದ್ರ ಸರಕಾರದ ಲಸಿಕೆ ಪೋರ್ಟಲ್) ಸರ್ಟಿಫಿಕೇಟಿಗೆ ಆಧಾರಿನ ಹೆಸರೇ ಬಂತು. ವಿಳಾಸದ ವ್ಯತ್ಯಾಸ ಯಾರೂ ಕೇಳುತ್ತಿರಲಿಲ್ಲ, ಹೆಸರಿನದು ಕೇಳುತ್ತಿದ್ದರು. ಕೋವಿನ್‌ನಲ್ಲಿ ಹೆಸರು ತಿದ್ದಲು ಇದ್ದದ್ದು ಒಂದೇ ಅವಕಾಶ. ಹಾಗಾಗಿ ಪಾಸ್‌ಪೋರ್ಟ್ ಎದುರಿಗಿಟ್ಟು ಅಕ್ಷರ ಅಕ್ಷರ ನೋಡಿ ಹೆಸರು ತಿದ್ದಬೇಕಿತ್ತು, ಪಾಸ್‌ಪೋರ್ಟ್ ನಂಬರ್ ಸೇರಿಸುವುದು ಆಮೇಲೆ. ಹುಟ್ಟಿದ ವರ್ಷ ಮಾತ್ರ ಇದ್ದ ಸರ್ಟಿಫಿಕೇಟಿಗೆ ಪೂರ್ತಿ ಜನ್ಮದಿನಾಂಕ ಸೇರಿಸುವ ಸೌಲಭ್ಯ ತಡವಾಗಿ ಬಂತು. ಅದಕ್ಕೆ ಮೊದಲು ಕೇರಳ ಸರಕಾರ ವಿದೇಶಕ್ಕೆ ಹೋಗುವವರಿಗೆಂದೇ ಬ್ಯಾಚ್ ನಂಬರ್, ಪಾಸ್‌ಪೋರ್ಟ್ ನಂಬರ್ ಹಾಕಿದ ಬೇರೆ ಸರ್ಟಿಫಿಕೇಟ್ ಕೊಟ್ಟಿತು. ಗಲ್ಫಿನ ಪೋರ್ಟಲುಗಳ ಅಗತ್ಯ ಅದಕ್ಕೆ ಚೆನ್ನಾಗಿ ಗೊತ್ತಿತ್ತು.

ಇದೆಲ್ಲದರಲ್ಲಿ ಯಾರೂ ಮೊದಲೇ ಯೋಚಿಸದ ತೊಡಕು ಒಟಿಪಿ. ಲಸಿಕೆಗೆ ನೋಂದಾಯಿಸುವಾಗ ಕೇರಳ ಸರಕಾರದ ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದವರದ್ದೋ ಪಕ್ಕದ ಮನೆಯವರದ್ದೋ ಮೊಬೈಲ್ ನಂಬರ್ ಕೊಟ್ಟಿರುತ್ತಿದ್ದರು. ತಿದ್ದುಪಡಿಗೆ ಕೂತಾಗ ಒಟಿಪಿ ಆ ಫೋನಿಗೆ ಹೋಗುತ್ತಿತ್ತು. ಸ್ವಂತ ನಂಬರೇ ಕೊಟ್ಟಿದ್ದರೂ, ಗಲ್ಫಿಗೆ ಹೋದ ಮೇಲೆ ರೀಚಾರ್ಜ್ ಇಲ್ಲದೆ ಆ ಸಿಮ್ ಸತ್ತಿರುತ್ತಿತ್ತು. ಹೊರಡುವ ಮುಂಚೆ ಸರ್ಟಿಫಿಕೇಟುಗಳನ್ನೆಲ್ಲ ಪಿಡಿಎಫ್ ಮಾಡಿ ಫೋನಿನಲ್ಲಿ, ಇಮೇಲಿನಲ್ಲಿ, ಎರಡು ಸೆಟ್ ಕಾಗದದಲ್ಲಿ ಇಟ್ಟುಕೊಳ್ಳಬೇಕು. ಕಾಗದ ಕೈಚೀಲದಲ್ಲಿರಲಿ, ಲಗೇಜಿನಲ್ಲಿ ಬೇಡ.

ದಾರಿ ಆರಿಸುವಾಗ ಅಗ್ಗದ ಟಿಕೆಟಿಗೆ ಮರುಳಾಗಿ ಎರಡು ಪ್ರತ್ಯೇಕ ಪಿಎನ್‌ಆರ್ (ಬುಕಿಂಗ್ ನಂಬರ್) ಮಾಡಿಸುವುದು ಅಪಾಯ. ಒಂದೇ ಪಿಎನ್‌ಆರ್ ಆದರೆ ಲಗೇಜ್ ಸಾಮಾನ್ಯವಾಗಿ ಕೊನೆಯ ಊರಿಗೇ ಟ್ಯಾಗ್ ಆಗುತ್ತದೆ, ನೀವು ಟ್ರಾನ್ಸಿಟ್ ಪ್ರಯಾಣಿಕ. ಎರಡಾದರೆ ನಡುವಿನ ದೇಶದಲ್ಲಿ ಲಗೇಜ್ ತೆಗೆಯಲು ಇಮಿಗ್ರೇಶನ್ ದಾಟಬೇಕು. ಆಗ ಆ ದೇಶದ ವೀಸಾ, ಟೆಸ್ಟ್, ಕ್ವಾರಂಟೈನ್ ಎಲ್ಲ ನಿಯಮವೂ ನಿಮಗೆ ಅಂಟುತ್ತದೆ. ಮೊದಲ ವಿಮಾನ ರದ್ದಾದರೆ ಎರಡನೆಯವರು ಹೊಣೆಯಲ್ಲ.

ಮನೆಯಿಂದ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲೂ ಒಂದು ಗಡಿ ಇದೆ, ಕೇರಳ-ಕರ್ನಾಟಕದ ನಡುವಿನ ತಲಪಾಡಿ. 2020ರ ಮಾರ್ಚಿನಲ್ಲಿ ಕರ್ನಾಟಕ ಅದನ್ನು ಮುಚ್ಚಿತು. 2021ರ ಆಗಸ್ಟಿನಲ್ಲಿ ಎರಡು ಡೋಸ್ ಆದವರಿಗೂ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ಕೇಳಿತು. ಮಂಗಳೂರಿನಲ್ಲಿ ಟೆಸ್ಟ್ ಮಾಡಿಸೋಣ ಎಂದುಕೊಂಡ ಕಾಸರಗೋಡಿನವನಿಗೆ ಮಂಗಳೂರಿಗೆ ಹೋಗಲೇ ಟೆಸ್ಟ್ ಬೇಕಾಯಿತು! ಹಾಗಾಗಿ 48 ಗಂಟೆಯ ಟೆಸ್ಟನ್ನು ಊರಲ್ಲೇ ಮಾಡಿಸಿ, ಅದೇ ಕಾಗದದಲ್ಲಿ ತಲಪಾಡಿಯನ್ನೂ ದಾಟುವುದು ಜಾಣತನವಾಗಿತ್ತು. ಬಜ್ಪೆ ಹತ್ತಿರ, ನಿಜ. ಆದರೆ ರಾಜ್ಯದ ಗಡಿಯ ನಿಯಮ ರಾತ್ರೋರಾತ್ರಿ ಬದಲಾಗುತ್ತಿದ್ದ ವಾರಗಳಲ್ಲಿ, ದೂರ ಹೆಚ್ಚು ಕಡಿಮೆ ಎರಡು ಪಟ್ಟಾದರೂ, ಮಟ್ಟನ್ನೂರಿನ ಕಣ್ಣೂರು ನಿಲ್ದಾಣವೇ ನೆಮ್ಮದಿಯಾಗಿತ್ತು. ಅಲ್ಲಿಗೆ ವಿದೇಶಿ ವಿಮಾನ ಕಂಪೆನಿಗಳ ನಿತ್ಯದ ಹಾರಾಟಕ್ಕೆ ಅನುಮತಿ ಇರಲಿಲ್ಲವಾದ್ದರಿಂದ ಯುರೋಪಿಗೆ ಒಂದೇ ಪಿಎನ್‌ಆರ್ ಬೇಕಾದವರು ಹೆಚ್ಚಾಗಿ ಕೊಚ್ಚಿ, ಬೆಂಗಳೂರಿನಂಥ ಬೇರೆ ನಿಲ್ದಾಣ ನೋಡಬೇಕಿತ್ತು.

ಹಣದ ವಿಷಯ ಚಿಕ್ಕದಾಗಿ. ತಾರೀಕು ಬದಲಾಯಿಸಲು ಬರುವ ದರದ ಟಿಕೆಟನ್ನೇ ಕೊಳ್ಳಿ, ಸ್ವಲ್ಪ ಹೆಚ್ಚಾದರೂ ಸರಿ. ವಿಮೆಯಲ್ಲಿ ಆಸ್ಪತ್ರೆ ಖರ್ಚು ಬೇರೆ, ಕ್ವಾರಂಟೈನ್ ಹೋಟೆಲಿನ ಖರ್ಚು ಬೇರೆ. ಎರಡನೆಯದು ಹೆಚ್ಚಿನ ಪಾಲಿಸಿಗಳಲ್ಲಿ ಇರುವುದಿಲ್ಲ, ಕೇಳಿ ಬರೆಸಿಕೊಳ್ಳಿ. ಏಜೆಂಟರ ಮೂಲಕ ಮಾಡಿದ ಟಿಕೆಟಿನ ರೀಫಂಡ್ ಏಜೆಂಟರ ಖಾತೆಗೆ ಬಂದು ಆಮೇಲೆ ನಿಮಗೆ ಬರುವುದು, ಆದ್ದರಿಂದ ಪಿಎನ್‌ಆರ್, ರದ್ದಾದ ಸಂದೇಶ, ಹಣ ಕಟ್ಟಿದ ರಶೀದಿ ಮೂರನ್ನೂ ಇಟ್ಟುಕೊಂಡಿರಿ. ವಿಮಾನ ಕಂಪೆನಿ ಹಣದ ಬದಲು ಕ್ರೆಡಿಟ್ ಶೆಲ್ (ಮುಂದಿನ ಟಿಕೆಟಿಗೆ ಬಳಸುವ ಜಮೆ) ಕೊಟ್ಟರೆ ಅದರ ಅವಧಿ ಮುಗಿಯುವ ತಾರೀಕು ಮತ್ತು ಅದನ್ನು ಮನೆಯ ಇನ್ನೊಬ್ಬರ ಹೆಸರಿಗೆ ಬಳಸಬಹುದೇ ಎಂಬುದನ್ನು ಅದೇ ದಿನ ಕೇಳಿ, ಉತ್ತರವನ್ನು ಇಮೇಲಿನಲ್ಲೇ ತರಿಸಿಕೊಳ್ಳಿ.