ಏನು ಕಾಳು ಹಾಕುತ್ತೀರಿ ಅಂತ ಕೇಳುವವರಿಗೆ

ನಮ್ಮ ಮನೆಗೆ ಬಂದವರು ಹಿತ್ತಲಿನ ಮೆಟ್ಟಿಲ ಮೇಲೆ ಕಾಫಿ ಹಿಡಿದು ಐದು ನಿಮಿಷ ಕೂತರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. "ಇಷ್ಟೊಂದು ಹಕ್ಕಿ ಬರ್ತವಲ್ಲ, ಏನು ಕಾಳು ಹಾಕ್ತೀರಾ?" ಫೆಬ್ರವರಿಯಿಂದ ಮೇ ತನಕ ಇದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಅದಕ್ಕೇ ಒಮ್ಮೆ ಬರೆದುಬಿಡೋಣ ಅನಿಸಿತು.

ಕಾಳು ಹಾಕುವುದಿಲ್ಲ. ಗಿಡದ ಹುಳವನ್ನು ಕೊಲ್ಲದೆ ಹಾಗೇ ಬಿಡುತ್ತೇವೆ.

ಹೀಗೆ ಹೇಳಿದರೆ ಕೇಳಿದವರ ಮುಖ ಚಿಕ್ಕದಾಗುತ್ತದೆ. ಆದರೆ ನಿಜವಾದ ಉತ್ತರ ಅದೇ. ಮೊದಮೊದಲು ನಾವೂ ಕಾಳು ಹಾಕಿದೆವು. ಅಕ್ಕಿ, ನವಣೆ, ಸಜ್ಜೆ. ಬಂದಿದ್ದು ಪಾರಿವಾಳ. ಎರಡಿದ್ದವು ಇಪ್ಪತ್ತಾದವು. ಉಳಿದ ಹಕ್ಕಿಗಳು ಆ ಕಡೆ ತಲೆಯನ್ನೂ ಹಾಕಲಿಲ್ಲ. ಯಾಕೆ ಹಾಕುತ್ತವೆ? ಹೂವಿಂದ ಹೂವಿಗೆ ಹಾರುವ ಸೂರಕ್ಕಿಗೆ ಕಾಳು ಬೇಡ, ಎಲೆ ಹೊಲಿದು ಗೂಡು ಕಟ್ಟುವ ಸಿಂಪಿಗನಿಗೆ ಬೇಡ, ಕಪ್ಪು ಬಿಳಿ ಮಡಿವಾಳ ಹಕ್ಕಿಗೂ ಬೇಡ.

ನಮ್ಮದು ಮೈಸೂರಿನಲ್ಲಿ 30×40 ಸೈಟು. ಹಿಂದೆ ಏಳು ಅಡಿ ಅಗಲದ ಜಾಗ, ಅಷ್ಟೇ. ಅದರಲ್ಲಿ ಒಂದು ನುಗ್ಗೆ, ಒಂದು ಕರಿಬೇವು, ಎರಡು ದಾಸವಾಳ, ಒಂದು ಬಾಳೆ, ಗೋಡೆಗೆ ಹಬ್ಬಿದ ಮಲ್ಲಿಗೆ. ಪಕ್ಕದ ಖಾಲಿ ಸೈಟಿನಲ್ಲಿ ತಾನಾಗೇ ಎದ್ದ ಗಸಗಸೆ ಹಣ್ಣಿನ ಮರ. ಎಲ್ಲ ಮನೆಗಳಲ್ಲೂ ಇರುವ ಗಿಡಗಳೇ ಅಲ್ವಾ?

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತದೆ ಅನ್ನುತ್ತಾರೆ. ಹಿತ್ತಲಿನಲ್ಲಿ ಅದು ನಿಜ. ಆ ಹೊತ್ತಿಗೆ ನುಗ್ಗೆ ಮೈತುಂಬ ಹೂ ಬಿಟ್ಟಿರುತ್ತದೆ. ಬೀದಿಯ ಹೊಂಗೆ ಎಲೆ ಉದುರಿಸಿ ಹೊಸ ಎಲೆ ತೊಡುತ್ತದೆ, ಆ ತಿಳಿ ಹಸಿರು ಬೇರೆ ಯಾವ ತಿಂಗಳಿನಲ್ಲೂ ಸಿಗುವುದಿಲ್ಲ. ಬೇವು ಹೂ ಬಿಡುತ್ತದೆ, ಯುಗಾದಿಗೆ ಬೇಕಾದದ್ದು. ಚಳಿಗಾಲ ಪೂರ್ತಿ ಗಪ್‌ಚುಪ್ ಇದ್ದ ಮಡಿವಾಳ ಹಕ್ಕಿ ಬೆಳಕು ಹರಿಯುವ ಮೊದಲೇ ಆಂಟೆನಾ ಮೇಲೆ ಕೂತು ಹಾಡಲು ಶುರು ಮಾಡುತ್ತದೆ. ಅದು ಗಂಡು. ಈ ಜಾಗ ನನ್ನದು ಅಂತ ಬೇರೆ ಗಂಡುಗಳಿಗೆ ಹೇಳುತ್ತಿರುತ್ತದೆ.

ಇನ್ನು ಹುಳದ ಮಾತು. ಸೂರಕ್ಕಿ ಮಕರಂದ ಕುಡಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಮರಿಗೆ ಬರೀ ಮಕರಂದ ಕೊಟ್ಟರೆ ಮೈ ಬೆಳೆಯುವುದಿಲ್ಲ. ತಾಯಿ ತಂದೆ ಜೇಡ, ಸಣ್ಣ ಹುಳ ಹಿಡಿದು ತಂದು ತಿನ್ನಿಸಬೇಕು. ಗುಬ್ಬಿ ದೊಡ್ಡದಾದ ಮೇಲೆ ಕಾಳು ತಿಂದರೂ ಗುಬ್ಬಿ ಮರಿಗೆ ಹುಳವೇ ಊಟ. ಹಾಗಾಗಿ ಔಷಧಿ ಹೊಡೆದು ಗಿಡದ ಹುಳವನ್ನೆಲ್ಲ ಸಾಯಿಸಿ, ಆಮೇಲೆ ತಟ್ಟೆಯಲ್ಲಿ ಕಾಳಿಟ್ಟು ಹಕ್ಕಿಗಾಗಿ ಕಾದರೆ ಯಾರು ಬರುತ್ತಾರೆ?

ನಮ್ಮ ಕರಿಬೇವಿನ ಎಲೆ ಮೇಲೆ ಆಗಾಗ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಅದು ನಿಂಬೆ ಚಿಟ್ಟೆಯ ಮರಿಹುಳ. ಚಿಕ್ಕದಿರುವಾಗ ಹೀಗೆ ವೇಷ ಹಾಕಿ ಬಚಾವಾಗುತ್ತದೆ, ದೊಡ್ಡದಾದ ಮೇಲೆ ಎಲೆಯ ಹಸಿರಿಗೇ ತಿರುಗುತ್ತದೆ. ಇದನ್ನು ಮೊದಲು ಕಂಡುಹಿಡಿದದ್ದು ನನ್ನ ಮಗ. ಅವನಿಗಿಂತ ಮೊದಲು ಕಂಡದ್ದು ಸಿಂಪಿಗ. ಸಾರಿನ ಒಗ್ಗರಣೆಗೆ ಒಂದೆರಡು ಎಲೆ ಕಡಿಮೆಯಾಗುತ್ತದೆ, ಇರಲಿ.

ಮನೆಯಲ್ಲಿ ನಿಜವಾದ ಜಗಳ ಆಗಿದ್ದು ಹುಳಕ್ಕಲ್ಲ, ಜೇಡರ ಬಲೆಗೆ. ಯುಗಾದಿ ಬಂತು ಅಂದರೆ ನಮ್ಮ ಅತ್ತೆ ಉದ್ದ ಕೋಲಿಗೆ ಪೊರಕೆ ಕಟ್ಟಿ ಮೂಲೆ ಮೂಲೆ ಬಳಿಯುತ್ತಾರೆ. ಒಂದು ಸಲ ಮನೆಯ ಹಿಂದುಗಡೆಯ ಸೂರಿನ ಕೆಳಗೆ ಪೊರಕೆ ಎತ್ತಿದಾಗ ಮಗಳು ಓಡಿ ಬಂದು ಕೋಲು ಹಿಡಿದುಕೊಂಡಳು. "ಅಜ್ಜಿ, ಅದು ಹಕ್ಕೀದು!" ಅವಳು ಹಿಂದಿನ ದಿನವೇ ನೋಡಿದ್ದಳು. ಹೆಣ್ಣು ಸೂರಕ್ಕಿ ಗಾಳಿಯಲ್ಲಿ ನಿಂತಲ್ಲೇ ನಿಂತು ಬಲೆಯ ಎಳೆಯನ್ನು ಕೊಕ್ಕಿಗೆ ಸುತ್ತಿಕೊಂಡು ಹೋಗುತ್ತಿತ್ತು. ಅದರ ಗೂಡು ತೂಗಾಡುವ ಪುಟ್ಟ ಚೀಲ. ನಾರು, ಒಣ ಎಲೆ, ತೊಗಟೆ ಚೂರು ಎಲ್ಲವನ್ನೂ ಹಿಡಿದಿಡುವ ಗೋಂದು ಈ ಜೇಡರ ಬಲೆಯೇ. ಪಕ್ಕದಲ್ಲಿ ಬಾಗಿಲು, ಬಾಗಿಲ ಮೇಲೊಂದು ಚಿಕ್ಕ ಸೂರು. ಹತ್ತು ಸೆಂಟಿಮೀಟರ್ ಹಕ್ಕಿಯ ಕೈಕೆಲಸ ಅದು. ಕೈಯೇ ಇಲ್ಲ, ಕೊಕ್ಕಿನ ಕೆಲಸ.

ಅತ್ತೆ ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ "ಒಳಗೆ ನನ್ನ ಮಾತು, ಹೊರಗೆ ನಿನ್ನ ಮಾತು" ಅಂದರು. ಅವತ್ತಿನಿಂದ ಹಾಗೇ ನಡೆದಿದೆ.

ಇನ್ನೊಂದು ವಿಷಯ ಹೇಳಲೇಬೇಕು, ಹೇಳಲು ಈಗಲೂ ಸಂಕಟ. ಕೆಲವು ವರ್ಷಗಳ ಹಿಂದೆ ಮಾರ್ಚಿನಲ್ಲಿ ದಾಸವಾಳ ಜಾಸ್ತಿ ಹಬ್ಬಿತು ಅಂತ ಸವರಿದೆವು. ಕೊಂಬೆಗಳನ್ನು ರಾಶಿ ಹಾಕುವಾಗ ಎರಡು ಎಲೆ ಅಂಟಿಕೊಂಡಿದ್ದು ಕಂಡಿತು. ಅಂಟಿದ್ದಲ್ಲ, ಸಿಂಪಿಗ ಹೊಲಿದದ್ದು. ಅಂಚಿನಲ್ಲಿ ಸಣ್ಣ ಸಣ್ಣ ತೂತು, ತೂತಿನಲ್ಲಿ ಹತ್ತಿಯ ಎಳೆ. ಒಳಗೆ ಕಡಲೆಕಾಯಿ ಬೀಜದಷ್ಟು ಮೂರು ಮೊಟ್ಟೆ. ಎರಡು ಒಡೆದಿದ್ದವು. ಆ ಜೋಡಿ ಸಂಜೆ ತನಕ ಗಿಡದ ಸುತ್ತ ಟುವ್ವಿ ಟುವ್ವಿ ಅಂತ ಕೂಗುತ್ತಲೇ ಇತ್ತು. ಮಕ್ಕಳು ಊಟ ಮಾಡಲಿಲ್ಲ. ನಾವೂ ಮಾಡಲಿಲ್ಲ. ಈಗ ಶಿವರಾತ್ರಿ ಆದ ಮೇಲೆ ಕತ್ತರಿ ಅಟ್ಟಕ್ಕೆ ಹೋಗುತ್ತದೆ. ನವೆಂಬರ್, ಡಿಸೆಂಬರಿನಲ್ಲಿ ಇಳಿಸುತ್ತೇವೆ, ಆಗಲೂ ಕೊಂಬೆ ಕೊಂಬೆ ನೋಡಿ. ಗಿಡ ಅಂಕುಡೊಂಕಾಗಿದೆ ಅಂತ ನೋಡಿದವರು ಹೇಳುತ್ತಾರೆ. ಹೌದು, ಆಗಿದೆ.

ಕಾಳಿನ ಬದಲು ಒಂದೇ ಒಂದು ವಸ್ತು ಇಡುತ್ತೇವೆ, ನೀರು. ಅಗಲವಾದ ಮಣ್ಣಿನ ತಟ್ಟೆ, ಎರಡು ಅಂಗುಲ ನೀರು, ನಡುವೆ ಒಂದು ಕಲ್ಲು. ಬೆಕ್ಕಿನ ಕಾಟಕ್ಕೆ ನೆಲದ ಮೇಲೆ ಇಡಬಾರದು. ದಿನಾ ತೊಳೆದು ಬದಲಾಯಿಸಬೇಕು, ಇಲ್ಲದಿದ್ದರೆ ಸೊಳ್ಳೆ. ಏಪ್ರಿಲ್ ಮಧ್ಯಾಹ್ನ ಪಿಕಳಾರಗಳು ಅದರಲ್ಲಿ ಸ್ನಾನ ಮಾಡುವುದನ್ನು ನೋಡಬೇಕು. ಜುಟ್ಟೆಲ್ಲ ಒದ್ದೆ.

ಗಸಗಸೆ ಮರದ ಬಗ್ಗೆ ಒಂದು ಮಾತು. ಅದು ಅಮೆರಿಕ ಖಂಡದಿಂದ ಬಂದ ಮರ, ಆದರೆ ನಮ್ಮ ಬದನಿಕೆ ಹಕ್ಕಿಗೆ ಅದರ ಹಣ್ಣೆಂದರೆ ಪ್ರಾಣ. ಎಂಟು ಸೆಂಟಿಮೀಟರಿನ ಬೂದು ಹಕ್ಕಿ, ನಮ್ಮ ದೇಶದ ಅತಿ ಚಿಕ್ಕ ಹಕ್ಕಿಗಳಲ್ಲಿ ಒಂದು. ಮಾವಿನ ಕೊಂಬೆ ಮೇಲೆ ಬೆಳೆಯುವ ಬದನಿಕೆ ಗಿಡದ ಹಣ್ಣು ತಿಂದು, ಅಂಟು ಬೀಜವನ್ನು ಇನ್ನೊಂದು ಕೊಂಬೆಗೆ ಒರೆಸಿ ಗಿಡ ಹಬ್ಬಿಸುವುದೂ ಇದೇ. ಗಿಡಕ್ಕೂ ಹಕ್ಕಿಗೂ ಒಂದೇ ಹೆಸರಿಟ್ಟ ಹಳಬರು ಎಷ್ಟು ಚೆನ್ನಾಗಿ ನೋಡಿದ್ದರು!

ಮಕ್ಕಳನ್ನು ಕೂರಿಸುವುದು ಹೇಗೆ ಅಂತಲೂ ಕೇಳುತ್ತಾರೆ. ಬೆಳಿಗ್ಗೆ ಆರೂವರೆಯಿಂದ 15 ನಿಮಿಷ, ಜಾಸ್ತಿ ಬೇಡ. ಈ 15 ನಿಮಿಷ ನಮಗೆ ಬಂದದ್ದು ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ನಿಂದ. 1998ರಲ್ಲಿ ಅಮೆರಿಕದಲ್ಲಿ ಶುರುವಾಗಿ 2013ರಿಂದ ಜಗತ್ತಿನಾದ್ಯಂತ ನಡೆಯುವ ಎಣಿಕೆ ಅದು. ಫೆಬ್ರವರಿಯಲ್ಲಿ ನಾಲ್ಕು ದಿನ, ಯಾರು ಬೇಕಾದರೂ ಕನಿಷ್ಠ 15 ನಿಮಿಷ ಹಕ್ಕಿ ಎಣಿಸಿ ಕಳಿಸಬಹುದು. ನಾಲ್ಕು ದಿನ ಮುಗಿದರೂ ನಮ್ಮ ಮಕ್ಕಳು ನಿಲ್ಲಿಸಲಿಲ್ಲ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಬರೆಯುತ್ತಾರೆ. "ಕೋಗಿಲೆ ಮೊದಲ ಕೂಗು." "ಕಂಚುಗಾರ ಹಕ್ಕಿ, ಒಣ ಕೊಂಬೆ, ಟುಕ್ ಟುಕ್." ಹಳೇ ಕ್ಯಾಲೆಂಡರ್ ಒಂದನ್ನೂ ಎಸೆದಿಲ್ಲ. ವಸಂತ ಯಾವ ವರ್ಷ ಯಾವಾಗ ಬಂತು ಅಂತ ಅವನ್ನು ಬಿಡಿಸಿ ನೋಡುವುದು ನಮ್ಮ ಮನೆಯ ಭಾನುವಾರದ ಕೆಲಸ.

ರಂಗನತಿಟ್ಟಿಗೂ ವರ್ಷಕ್ಕೊಮ್ಮೆ ಹೋಗುತ್ತೇವೆ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಿಂದ 1940ರಲ್ಲಿ ಪಕ್ಷಿಧಾಮವಾದ ಜಾಗ, ದೋಣಿಯಲ್ಲಿ ಕೂತು ಕೊಕ್ಕರೆ ಗೂಡು ನೋಡುವ ಖುಷಿಯೇ ಬೇರೆ. ಆದರೆ ವಾಪಸ್ ಬಂದ ಕೂಡಲೇ ಮಕ್ಕಳು ಚಪ್ಪಲಿ ಬಿಚ್ಚದೆ ಹಿತ್ತಲಿಗೆ ಓಡುತ್ತಾರೆ.

ಈ ಸಲ ಸೂರಕ್ಕಿ ನಮ್ಮ ಬಟ್ಟೆ ಒಣಹಾಕುವ ತಂತಿಗೇ ಗೂಡು ಕಟ್ಟಿದೆ. ಸೂರಿನ ಕೆಳಗಿಂದ ಹಳದಿ ಗಂಟಲು, ಉದ್ದ ಕೊಕ್ಕು ಹೊರಗೆ ಕಾಣುತ್ತದೆ. ಕಾವಿಗೆ ಕೂತಿದೆ. ಅತ್ತೆಯೇ ಬಟ್ಟೆಯನ್ನೆಲ್ಲ ಟೆರೇಸಿಗೆ ಸಾಗಿಸಿದರು. ನೋಡಬೇಕು ಅನಿಸಿದರೆ ಬೆಳಿಗ್ಗೆ ಆರೂವರೆಗೆ ಬನ್ನಿ, ಕಾಫಿ ಇರುತ್ತದೆ. ಹಿಂಬಾಗಿಲಿನಿಂದ ಮಾತ್ರ ಬರಬೇಡಿ.